ಅರ್ಧ ಅಕ್ಕನದು, ಅರ್ಧ ನನ್ನದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೋರ್ಡು ಮಾಡಿಕೊಡುವ ಅಂಗಡಿಯೊಂದಿದೆ. ಸುತ್ತಮುತ್ತಲಿನ ಮಳಿಗೆಗಳ ನೆತ್ತಿಯ ಮೇಲೆ ಕೂತಿರುವ ಹೆಸರುಗಳಲ್ಲಿ ಮುಕ್ಕಾಲುಪಾಲು ಇಲ್ಲಿಂದಲೇ ಹೋದವು. ಅಂಗಡಿಗೆ ಮಾತ್ರ ಒಂದು ಬೋರ್ಡಿಲ್ಲ. ಮಾಡಿದರಾಯಿತು ಎಂದುಕೊಳ್ಳುತ್ತಲೇ ವರ್ಷಗಳು ಉರುಳಿವೆ. ನಡೆಸುವವರು ಇಬ್ಬರು ಹೆಂಗಸರು, ಅಣ್ಣತಮ್ಮಂದಿರನ್ನು ಕಟ್ಟಿಕೊಂಡ ವಾರಗಿತ್ತಿಯರು. ಗಂಡಂದಿರಲ್ಲಿ ದೊಡ್ಡವನು ಊರೆಲ್ಲ ಸುತ್ತಿ ಆರ್ಡರ್ ಹಿಡಿದು ತರುತ್ತಾನೆ, ಚಿಕ್ಕವನು ಏಣಿ ಹತ್ತಿ ಬೋರ್ಡು ಬಿಗಿಯುತ್ತಾನೆ. ಒಳಗಿನ ಯಜಮಾನಿಕೆಯೆಲ್ಲ ಹೆಂಗಸರದೇ.

ಕಿರಿಯವಳನ್ನು ಬೀದಿಯವರು ಆಯ್ತಮ್ಮ ಎನ್ನುತ್ತಾರೆ. ಬೋರ್ಡು ನಾಳೆಯೇ ಬೇಕು ಎಂದರೆ "ಆಯ್ತು". ನಿನ್ನೆ ಒಪ್ಪಿದ ಬಣ್ಣ ಇವತ್ತು ಬೇಡ ಎಂದರೂ "ಆಯ್ತು". ಹೆಣ್ಣು ನೋಡಲು ಬಂದ ಹುಡುಗ ಪೂರ್ತಿ ಬಾಯಿ ತೆರೆಯುವ ಮೊದಲೇ "ಆಯ್ತು" ಎಂದುಬಿಟ್ಟಳಂತೆ. ಆ ಹುಡುಗನೇ ಈಗ ಗಂಡ. ತಾನು ಅವತ್ತು ಕೇಳಹೊರಟಿದ್ದು ಕುಡಿಯಲು ಒಂದು ಲೋಟ ನೀರು ಎಂದು ಈಗಲೂ ಹೇಳಿಕೊಂಡು ನಗುತ್ತಾನೆ. ಆಯ್ತಮ್ಮನಿಗೆ ಅದರ ಬಗ್ಗೆ ಎಳ್ಳಷ್ಟೂ ಬೇಸರವಿಲ್ಲ. ಯೋಚಿಸುತ್ತ ಕೂತಿದ್ದರೆ ತಾನಿನ್ನೂ ತವರಿನಲ್ಲೇ ಕಿಟಕಿ ಒರೆಸಿಕೊಂಡಿರುತ್ತಿದ್ದೆ ಎನ್ನುತ್ತಾಳೆ.

ಹಿರಿಯವಳ ಹೆಸರು ತಾಳಮ್ಮ. ಅದೂ ಬೀದಿಯವರೇ ಇಟ್ಟದ್ದು. ಯಾರು ಏನು ಕೇಳಿದರೂ ಆಕೆಯ ಬಾಯಿಂದ ಮೊದಲು ಬರುವುದು "ತಾಳಿ, ನೋಡೋಣ". ಅಳತೆ ತೆಗೆದ ಮೇಲೆ ಇನ್ನೊಮ್ಮೆ ಅಳೆಯುತ್ತಾಳೆ, ಟೇಪು ಸರಿಯಿದೆಯೋ ಇಲ್ಲವೋ ಎಂದು ಅದನ್ನೂ ಅನುಮಾನದಿಂದ ನೋಡುತ್ತಾಳೆ. ಅಂಗಡಿಗೆ ಬಂದವರು ಇಬ್ಬರಲ್ಲಿ ಯಾರ ಹತ್ತಿರ ಮಾತಾಡಬೇಕೆಂದು ಅವರವರ ಅವಸರ ನೋಡಿಕೊಂಡು ತೀರ್ಮಾನಿಸುತ್ತಾರೆ.

ಅಂಗಡಿಯ ಜೀವವೆಲ್ಲ ಅಕ್ಷರ ಕತ್ತರಿಸುವ ಯಂತ್ರದಲ್ಲಿದೆ. ಆಯ್ತಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕೊಟ್ಟರೆ ಯಂತ್ರದ ಮೊನೆ ಸ್ಟಿಕ್ಕರ್ ಹಾಳೆಯ ಮೇಲೆ ಗೀರುತ್ತ ಹೋಗುತ್ತದೆ. ಆಮೇಲೆ ತಾಳಮ್ಮ ಉದ್ದನೆಯ ಮೇಜಿನ ಮುಂದೆ ಕೂತು, ಚಿಮಟ ಹಿಡಿದು, ಅಕ್ಷರದ ಹೊಟ್ಟೆಯೊಳಗಿನ ಬೇಡದ ಚೂರುಗಳನ್ನು ಒಂದೊಂದಾಗಿ ಕೀಳುತ್ತಾಳೆ. ಯಂತ್ರದ ಜೊತೆ ಬಂದ ಸಾಫ್ಟ್‌ವೇರು ಓಬೀರಾಯನ ಕಾಲದ್ದು. ಮಾದರಿಗಳೆಲ್ಲ ತನ್ನದೇ ಫೋಲ್ಡರಿನಲ್ಲಿ ಇರಬೇಕೆಂದು ಅದರ ಹಟ, ಆ ಫೋಲ್ಡರೋ ಕಂಪ್ಯೂಟರು ಸುಲಭಕ್ಕೆ ಯಾರನ್ನೂ ಬಿಟ್ಟುಕೊಳ್ಳದ ಜಾಗದಲ್ಲಿದೆ. ಅಲ್ಲಿರುವುದನ್ನು ತೆರೆದು ನೋಡಿದರೆ ತಕರಾರಿಲ್ಲ, ಹೊರಗೆ ಕಾಪಿ ಮಾಡಿಕೊಂಡರೂ ತಕರಾರಿಲ್ಲ. ಹೊಸದೊಂದನ್ನು ಒಳಗೆ ಹಾಕಿದರೆ, ಹಳೆಯದನ್ನು ಅಳಿಸಿದರೆ, ಇದ್ದಲ್ಲಿಂದ ಬೇರೆಡೆಗೆ ಸಾಗಿಸಿದರೆ ಮಾತ್ರ ಪರದೆಯ ನಡುವೆ ಒಂದು ಚೌಕ ಎದ್ದು ನಿಲ್ಲುತ್ತದೆ. ಇದಕ್ಕೆ ನಿರ್ವಾಹಕರ ಅನುಮತಿ ಬೇಕು ಎನ್ನುತ್ತದೆ. ಬಸ್ಸಿನಲ್ಲಿ ಟಿಕೆಟ್ ಹರಿಯುವ ನಿರ್ವಾಹಕರನ್ನು ಬಿಟ್ಟು ಬೇರೆಯವರನ್ನು ಕಂಡಿರದ ಆಯ್ತಮ್ಮನಿಗೆ ಮೊದಲ ಸಲ ಅದನ್ನು ಓದಿದಾಗ ನಗು ತಡೆಯಲಾಗಿರಲಿಲ್ಲ.

ಚೌಕದ ಕೆಳಗೆ ಗುಂಡಿಗಳಿರುತ್ತವೆ: ಮುಂದುವರಿಸು, ಬಿಟ್ಟುಬಿಡು, ರದ್ದುಮಾಡು. ಆಯ್ತಮ್ಮನ ಬೆರಳು ಯಾವುದರ ಮೇಲೆ ಬೀಳುತ್ತಿತ್ತೆಂದು ಬೇರೆ ಹೇಳಬೇಕೆ? ಒಂದು ದಿನ ಫೋಲ್ಡರಿನಲ್ಲಿ ಕಸ ಹೆಚ್ಚಾಯಿತೆಂದು ಗುಡಿಸಲು ಕೂತಳು. ಒಂದೇ ಮಾದರಿಯ ಹಳೆ ಪ್ರತಿಗಳನ್ನು ಗುರುತು ಹಾಕಿ ಅಳಿಸುತ್ತ ಹೋದಳು. ಪ್ರತಿಯೊಂದಕ್ಕೂ ಚೌಕ ಎದ್ದಿತು, ಪ್ರತಿಯೊಂದಕ್ಕೂ ಮುಂದುವರಿಸು ಒತ್ತಿದಳು. ಸಾಕಾಗಿಹೋಗಿ, ಚೌಕದ ಮೂಲೆಯಲ್ಲಿ "ಉಳಿದವಕ್ಕೆಲ್ಲ ಹೀಗೇ ಮಾಡು" ಎಂದು ಕೇಳುತ್ತಿದ್ದ ಸಣ್ಣ ಪೆಟ್ಟಿಗೆಗೂ ಗುರುತು ಹಾಕಿ ಒಂದೇ ಏಟಿಗೆ ಕೆಲಸ ಮುಗಿಸಿದಳು. ಬಹಳ ಚೊಕ್ಕಟವಾಗಿ ಮುಗಿಯಿತು. ಪ್ರತಿಗಳ ಜೊತೆಗೆ ಬಸ್ ನಿಲ್ದಾಣದ ಸಾಲಿನ ಅಷ್ಟೂ ಮಳಿಗೆಗಳ ಮೂಲ ಮಾದರಿಗಳೂ ಹೋಗಿಬಿಟ್ಟವು.

ತಾಳಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಮೊಬೈಲ್ ತೆಗೆದುಕೊಂಡು ಬೀದಿಗೆ ನಡೆದಳು, ಹಿಂದೆಯೇ ಆಯ್ತಮ್ಮ. ಒಂದೊಂದು ಮಳಿಗೆಯ ಮುಂದೆ ನಿಂತು ಕತ್ತೆತ್ತಿ ಬೋರ್ಡಿನ ಫೋಟೊ ತೆಗೆದು, ಅಳತೆ ಹಿಡಿದು, ತಾವೇ ಮಾಡಿದ ಅಕ್ಷರಗಳನ್ನು ತಾವೇ ನಕಲು ಮಾಡಿಕೊಂಡು ಬಂದರು. ಮಳಿಗೆಯವರು ಏನೆಂದು ಕೇಳಿದರೆ "ಹೇಗೆ ಬಾಳಿಕೆ ಬಂದಿದೆ ಅಂತ ನೋಡ್ತಿದ್ದೀವಿ" ಎಂದು ತಾಳಮ್ಮ ಗಂಭೀರವಾಗಿ ಹೇಳಿದಳು. ಸುಳ್ಳು ಹೇಳುವಾಗ ಆಕೆಯ ಮುಖ ಅಷ್ಟು ಚೆನ್ನಾಗಿರುತ್ತದೆಂದು ಆಯ್ತಮ್ಮನಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಬಂದದ್ದು ಅರ್ಧರ್ಧದ ಕಾನೂನು. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿ, ಚೌಕ ಎದ್ದಾಗಲೆಲ್ಲ ಪಾಸ್‌ವರ್ಡ್ ಕೇಳುವಂತೆ ಮಾಡಿಸಿದ್ದು ತಾಳಮ್ಮ. ಮೊದಲರ್ಧ ಆಕೆಯದು, ಉಳಿದರ್ಧ ಆಯ್ತಮ್ಮನದು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಕೂಡದು. ಒಬ್ಬಳು ಒತ್ತುವಾಗ ಇನ್ನೊಬ್ಬಳು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು.

"ಮೇಡಂ, ಬ್ಯಾಂಕಿನ ಲಾಕರಿಗೆ ಹೀಗೆ ಎರಡು ಬೀಗದ ಕೈ ಇರೋದು ನೋಡಿದ್ದೀನಿ. ಸ್ಟಿಕ್ಕರ್ ಅಂಗಡಿಗೆ ನೋಡಿಲ್ಲ" ಎಂದ ರಿಪೇರಿಯವನು.

"ಈಗ ನೋಡಿದ್ಯಲ್ಲಪ್ಪ" ಎಂದಳು ತಾಳಮ್ಮ.

ಆಯ್ತಮ್ಮನಿಗೆ ಅದು ಅವಮಾನ ಎನಿಸಬೇಕಿತ್ತು. ಎನಿಸಿದ್ದು ಒಂದೆರಡು ದಿನ ಮಾತ್ರ. ಏಕೆಂದರೆ ಮಾದರಿ ಸೇರಿಸುವ ಕೆಲಸ ದಿನಕ್ಕೆ ಹಲವು ಸಲ ಬೀಳುತ್ತಿತ್ತು, ಪ್ರತಿ ಸಲವೂ "ಅಕ್ಕಾ, ಚೌಕ" ಎಂದು ಕೂಗಬೇಕು, ತಾಳಮ್ಮ ಚಿಮಟ ಕೆಳಗಿಟ್ಟು, ಬೆರಳಿಗಂಟಿದ ಸ್ಟಿಕ್ಕರ್ ಚೂರುಗಳ ಸಮೇತ ಎದ್ದು ಬರಬೇಕು. ಬಂದವಳು ಮೊದಲು ಪರದೆ ಓದುತ್ತಿದ್ದಳು. ಕೇಳುತ್ತಿರುವುದು ಯಾವ ಪ್ರೋಗ್ರಾಮು, ಮುಟ್ಟಹೊರಟಿರುವುದು ಯಾವ ಫೋಲ್ಡರು, ಸೇರಿಸುವುದೋ ಅಳಿಸುವುದೋ. ಎಲ್ಲವನ್ನೂ ಗಟ್ಟಿಯಾಗಿ ಓದಿ "ಹೌದೇನೇ?" ಎನ್ನುತ್ತಿದ್ದಳು. ಕೇಳಿ ಕೇಳಿ ಆಯ್ತಮ್ಮನಿಗೂ ಓದುವ ಚಟ ಹತ್ತಿತು. ಗಿರಾಕಿಯೊಬ್ಬನ ಪೆನ್ ಡ್ರೈವ್ ಚುಚ್ಚಿದಾಗ, ಹೆಸರೇ ಕೇಳಿರದ ಯಾವುದೋ ಪ್ರೋಗ್ರಾಮು ಅನುಮತಿ ಕೇಳಿತು. ಅವಳು ಯಾರನ್ನೂ ಕರೆಯದೆ ರದ್ದುಮಾಡು ಒತ್ತಿ, ಪೆನ್ ಡ್ರೈವ್ ಕಿತ್ತು ಕೈಗಿಟ್ಟು, "ಇದಕ್ಕೆ ಹುಷಾರಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದಳು. ಮೇಜಿನ ಆಚೆ ಕೂತಿದ್ದ ತಾಳಮ್ಮ ತಲೆಯೆತ್ತದೆ ನಕ್ಕಳು. ಆ ನಗು ಸಿಕ್ಕಿದ್ದಕ್ಕೆ ಆಯ್ತಮ್ಮ ಇಡೀ ದಿನ ಉಬ್ಬಿಹೋಗಿದ್ದಳು.

ಕೆಲಸದ ಮಾತು ಮುಗಿದ ಮೇಲೂ ತಾಳಮ್ಮ ಕುರ್ಚಿಯ ಬೆನ್ನಿಗೆ ಒರಗಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಮನೆಯ ಸುದ್ದಿ, ಮಕ್ಕಳ ಶಾಲೆಯ ಸುದ್ದಿ, ಗಂಡಂದಿರ ಮೇಲಿನ ಚಾಡಿ, ಎಲ್ಲ ಆಗಲೇ. ಮನೆಯಲ್ಲಿ ಇಬ್ಬರಿಗೂ ಅಷ್ಟು ಬಿಡುವೆಲ್ಲಿ? ಬೇಡದ ಕಡೆಗೂ ಹೊಸ ಮಾದರಿ ಮಾಡಿ ಆಯ್ತಮ್ಮ ಆಗಾಗ ಚೌಕ ಎಬ್ಬಿಸುತ್ತಿದ್ದದ್ದೂ ಉಂಟು.

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಕೆಟ್ಟದ್ದು ಒಂದು ಆಸ್ಪತ್ರೆಯ ಆರ್ಡರಿನಿಂದ. ತಾಳಮ್ಮ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದಳು. ಆಸ್ಪತ್ರೆಯವರು ಬಂದು, ಪ್ರತಿ ಕೋಣೆಯ ಬಾಗಿಲಿಗೆ, ಮೆಟ್ಟಿಲಿಗೆ, ಲಿಫ್ಟಿಗೆ, ಬಚ್ಚಲಿಗೆ ಎಲ್ಲಕ್ಕೂ ಫಲಕ ಬೇಕು, ವಾರದೊಳಗೆ ಆಗಬೇಕು ಎಂದರು. ಆಯ್ತಮ್ಮ ತನಗೆ ಬರುವ ಒಂದೇ ಉತ್ತರ ಕೊಟ್ಟಳು. ಫೋನ್ ಮಾಡಿ ಅಕ್ಕನನ್ನು ಒಂದು ಮಾತು ಕೇಳಬಹುದಿತ್ತು. ತೊಂದರೆಯಲ್ಲಿರುವವರಿಗೆ ಯಾಕೆ ತೊಂದರೆ ಎಂದು ತನಗೆ ತಾನೇ ಹೇಳಿಕೊಂಡಳು, ಅದು ನೆಪ. ಹೊಸ ಮಾದರಿ ಸೇರಿಸಲು ಅಕ್ಕನ ಅರ್ಧವಿಲ್ಲದ್ದರಿಂದ, ಹಳೆಯದೊಂದನ್ನು ತೆರೆದು ಅಕ್ಷರ ಮಾತ್ರ ಬದಲಿಸಿ, ಫೋಲ್ಡರಿನಲ್ಲಿ ಉಳಿಸದೆ ಹಾಗೇ ಯಂತ್ರಕ್ಕೆ ಕೊಟ್ಟಳು. ತಾಳಮ್ಮ ವಾಪಸ್ಸು ಬಂದಾಗ ಮೇಜಿನ ತುಂಬ ಗೀರಿದ ಹಾಳೆಗಳು ಕಾಯುತ್ತಿದ್ದವು. ಹಗಲೆಲ್ಲ ಚೂರು ಕಿತ್ತು ಕಿತ್ತು, ಆರ್ಡರ್ ಮುಗಿಯುವ ಹೊತ್ತಿಗೆ ಆಕೆಯ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಚಿಮಟ ಹಿಡಿಯುವುದಿರಲಿ, ಲೋಟ ಎತ್ತಲೂ ಆಗುತ್ತಿರಲಿಲ್ಲ.

"ನಿನ್ನ ಒಂದು ಆಯ್ತುಗೆ ನನ್ನ ಕೈ ಹೋಯ್ತು ಕಣೇ. ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?"

"ಉಸಿರಾಡೋಕೂ ನಿಮ್ಮ ಪರ್ಮಿಷನ್ ತಗೋಬೇಕಾ ಅಕ್ಕ? ಅದಕ್ಕೂ ಅರ್ಧ ಪಾಸ್‌ವರ್ಡ್ ಇಟ್ಟುಬಿಡಿ ಹಾಗಾದ್ರೆ."

ಆಡಿದ ಮಾತು ಆಡಿಯಾಗಿತ್ತು. ತಾಳಮ್ಮ ತಾಳು ಎನ್ನಲೂ ಇಲ್ಲ, ಎದ್ದು ಹೋದಳು. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು. ಚೌಕ ಎದ್ದರೆ ಆಯ್ತಮ್ಮ ಮೇಜಿನ ಮೇಲೆ ಕೈ ತಟ್ಟುತ್ತಿದ್ದಳು, ತಾಳಮ್ಮ ಬರುತ್ತಿದ್ದಳು, ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಳು, ಎಡಗೈಯಲ್ಲಿ ತನ್ನ ಅರ್ಧ ಒತ್ತುತ್ತಿದ್ದಳು, ಹೋಗುತ್ತಿದ್ದಳು. ಊತ ಇಳಿಯಿತು, ಮೌನ ಇಳಿಯಲಿಲ್ಲ.

ಇದರ ನಡುವೆ ಬಾಯಿ ಹಾಕಿದ್ದು ಭಾವ, ತಾಳಮ್ಮನ ಗಂಡ. ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಮಳಿಗೆ ಹಿಡಿದಿದ್ದ. ಬೇರೆ ಬೇರೆ ಅಂಗಡಿ ಮಾಡಿಕೊಂಡರೆ ಇಬ್ಬರಿಗೂ ನೆಮ್ಮದಿ ಎಂಬುದು ಅವನ ಲೆಕ್ಕಾಚಾರ. ಕೆಟ್ಟವನಲ್ಲ, ಎರಡು ಮುನಿದ ಮುಖಗಳ ನಡುವೆ ದಿನಾ ಊಟ ಮಾಡಿ ಸುಸ್ತಾಗಿದ್ದ ಅಷ್ಟೇ. ಹೊಸ ಅಂಗಡಿ ತಾಳಮ್ಮನಿಗೆ, ಹಳೆಯದು ಆಯ್ತಮ್ಮನಿಗೆ. ಗಿರಾಕಿಗಳನ್ನು ಬೀದಿವಾರು ಹಂಚಿಕೊಳ್ಳುವುದು. ಮಾದರಿಗಳೂ ಹಾಗೇ.

"ಕಾಪಿ ಬೇಡ" ಎಂದ ಭಾವ. "ಇಬ್ಬರ ಹತ್ರಾನೂ ಎಲ್ಲಾ ಇದ್ರೆ ನಾಳೆ ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈ ಹಾಕಿದ್ರಿ ಅಂತ ಮತ್ತೆ ಜಗಳ. ಆ ಕಡೆ ಬೀದಿಗಳದ್ದು ಪೂರ್ತಿ ಇಲ್ಲಿಂದ ಎತ್ತಿ ಹೊಸ ಡಿಸ್ಕಿಗೆ ಹಾಕಿಬಿಡಿ. ಏನಮ್ಮಾ, ಸರಿ ತಾನೆ?"

ಆಯ್ತಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. "ಆಯ್ತು ಭಾವ" ಎಂದುಬಿಟ್ಟಳು. ಜನ್ಮದಲ್ಲಿ ಮೊದಲ ಸಲ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆನಿಸಿತು.

ಪಾಲಿನ ದಿನ ಬೆಳಿಗ್ಗೆ ಭಾವ ಹೊಸ ಡಿಸ್ಕ್ ತಂದು ಕಂಪ್ಯೂಟರಿಗೆ ತಗುಲಿಸಿ, ಸ್ಟೂಲು ಎಳೆದುಕೊಂಡು ಕೂತ. ಆಯ್ತಮ್ಮ ಅರ್ಧದಷ್ಟು ಫೋಲ್ಡರುಗಳನ್ನು ಗುರುತು ಹಾಕಿ ಡಿಸ್ಕಿಗೆ ಸಾಗಿಸಲು ಹೇಳಿದಳು. ಚೌಕ ಎದ್ದಿತು. ಈ ಫೋಲ್ಡರುಗಳನ್ನು ಸಾಗಿಸಲು ನಿರ್ವಾಹಕರ ಅನುಮತಿ ಬೇಕು. ಮುಂದುವರಿಸು ಒತ್ತಿದಾಗ ಪರದೆ ಮಂಕಾಯಿತು, ಪಾಸ್‌ವರ್ಡಿನ ಖಾಲಿ ಪಟ್ಟಿ ಬಂತು.

ತಾಳಮ್ಮ ಬಂದಳು. ಆಯ್ತಮ್ಮ ಎದ್ದು ಗೋಡೆಗೆ ಮುಖ ಮಾಡಿದಳು. ಕೀಬೋರ್ಡಿನ ಕೀಲಿಗಳ ಸದ್ದು ಕೇಳಿಸಿ ನಿಂತಿತು. ಈಗ ತಾಳಮ್ಮ ಗೋಡೆಯ ಕಡೆ ತಿರುಗಿದಳು, ಆಯ್ತಮ್ಮ ಕೂತಳು. ಬೆರಳು ಕೀಲಿಯ ಮೇಲಿಟ್ಟಾಗ ಅವಳಿಗೆ ಒಂದು ವಿಷಯ ನಿಚ್ಚಳವಾಗಿ ಗೊತ್ತಾಯಿತು. ಅಕ್ಕ ಹೋಗುವುದು ಅವಳಿಗೆ ಬೇಡವಾಗಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ, ಆ ಮಾತು ರೂಢಿಯಿಲ್ಲ, ಮೇಲಾಗಿ ಮೊದಲು ಅಕ್ಕನೇ ಹೇಳಲಿ ಎಂಬ ಜಂಭ ಬೇರೆ. ತನ್ನ ಅರ್ಧವನ್ನು ಪೂರ್ತಿ ಒತ್ತಿ, ಕೊನೆಯಲ್ಲಿ ಸುಮ್ಮನೆ ಇನ್ನೊಂದು ಕೀಲಿಯನ್ನೂ ಒತ್ತಿದಳು. ಪಾಸ್‌ವರ್ಡ್ ಸರಿಯಿಲ್ಲ ಎಂದಿತು ಪರದೆ.

"ಕೈ ತಪ್ಪಿರ್ಬೇಕು. ಇನ್ನೊಂದ್ಸಲ" ಎಂದ ಭಾವ.

ಎರಡನೆಯ ಸಲ ತಾಳಮ್ಮ ತನ್ನದನ್ನು ಒತ್ತಿ ಸರಿದ ಮೇಲೆ ಆಯ್ತಮ್ಮನಿಗೆ ನಾಚಿಕೆಯಾಯಿತು. ಅಕ್ಕನಿಗೆ ಹೋಗಬೇಕೆಂದಿದ್ದರೆ ಕಳ್ಳಾಟವಾಡಿ ತಡೆಯುವುದು ಯಾವ ಮರ್ಯಾದೆ? ತನ್ನ ಅರ್ಧವನ್ನು ಒಂದೊಂದೇ ಕೀಲಿ ನೋಡಿ ಸರಿಯಾಗಿಯೇ ಒತ್ತಿದಳು. ಕಣ್ಣು ತುಂಬಿ ಬಂದರೂ ಬೆರಳು ತಪ್ಪಲಿಲ್ಲ. ಪಾಸ್‌ವರ್ಡ್ ಸರಿಯಿಲ್ಲ ಎಂದಿತು ಪರದೆ.

ಅವಳು ಬೆಪ್ಪಾದಳು. ಭಾವ ತಲೆ ಕೆರೆದುಕೊಂಡ. ಮೂರನೆಯ ಸಲ ತಾಳಮ್ಮ ಒತ್ತುವಾಗ ಆಯ್ತಮ್ಮ ಗೋಡೆಯ ಕಡೆ ತಿರುಗಿ, ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಅಕ್ಕನ ಅರ್ಧ ಏನೆಂದು ಅವಳಿಗೆ ಗೊತ್ತಿಲ್ಲ ನಿಜ, ಆದರೆ ಇಷ್ಟು ವರ್ಷ ಗೋಡೆ ನೋಡಿಕೊಂಡು ಅದರ ಸದ್ದು ಕೇಳಿದವಳು. ಮೊದಲು ಬೇಗ ಬೇಗ, ನಡುವೆ ತಡವರಿಕೆ, ಆಮೇಲೆ ದೊಡ್ಡ ಕೀಲಿಯೊಂದನ್ನು ಅದುಮಿಹಿಡಿದು ಕೊನೆಯ ಒಂದು ಗಟ್ಟಿ ಏಟು. ಇವತ್ತು ಆ ಕೊನೆಯ ಏಟು ಬೀಳಲೇ ಇಲ್ಲ. ಕೈ ನೋವಿಗೆ ಎಡಗೈಯಲ್ಲಿ ಒತ್ತುತ್ತಿದ್ದ ದಿನಗಳಲ್ಲೂ ಆ ಏಟು ಯಾವತ್ತೂ ತಪ್ಪಿರಲಿಲ್ಲ.

ಆಯ್ತಮ್ಮ ಬಂದು ಕೂತು ತನ್ನದನ್ನು ಒತ್ತಿದಳು. ಪರದೆ ಹಳೆಯ ರಾಗವನ್ನೇ ಹಾಡಿತು.

ಭಾವನಿಗೆ ತಾಳ್ಮೆ ತಪ್ಪಿತು. ರಿಪೇರಿಯವನಿಗೆ ಫೋನ್ ಮಾಡಿದ. "ಅದೇನು ದೊಡ್ಡ ವಿಷಯ ಸಾರ್, ಪಾಸ್‌ವರ್ಡೇ ಕಿತ್ತುಹಾಕ್ತೀನಿ. ಇಲ್ಲೇ ಬೀದಿ ಮೂಲೇಲಿದ್ದೀನಿ" ಎಂದಿತು ಆಚೆಯ ದನಿ. ಭಾವ ಅವನನ್ನು ಕರೆತರಲು ಎದ್ದು ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ರಿಪೇರಿಯವನು ಬಂದರೆ ಮುಗಿಯಿತು, ಆಮೇಲೆ ಯಾರ ಅನುಮತಿಯೂ ಬೇಕಿರಲಿಲ್ಲ. ಜಂಭ ಇಟ್ಟುಕೊಂಡು ಕೂರಲು ಹೊತ್ತಿರಲಿಲ್ಲ.

"ಅಕ್ಕ" ಎಂದಳು ಆಯ್ತಮ್ಮ. "ನಿಮ್ಮದ್ರಲ್ಲಿ ಕೊನೇ ಸದ್ದು ಬರ್ಲಿಲ್ಲ."

ತಾಳಮ್ಮ ಕಂಪ್ಯೂಟರಿನ ಕಡೆ ನೋಡಿದಳು. ಗೋಡೆಯ ಕಡೆ ನೋಡಿದಳು. "ಮೊದಲ್ನೇ ಸಲ ನಿನ್ನದ್ರಲ್ಲಿ ಒಂದು ಜಾಸ್ತಿ ಇತ್ತು" ಎಂದಳು.

ಆಯ್ತಮ್ಮ ಕುರ್ಚಿಯಲ್ಲೇ ಅಕ್ಕನ ಕಡೆ ತಿರುಗಿದಳು.

"ನೀನೊಬ್ಳೇ ಕೇಳಿಸ್ಕೊಳ್ಳೋದು ಅಂದ್ಕೊಂಡಿದ್ಯಾ? ಇಷ್ಟು ವರ್ಷ ನಾನೂ ಅದೇ ಗೋಡೆ ನೋಡಿದ್ದೀನಿ." ಎಂದಳು ತಾಳಮ್ಮ. "ಎರಡನೇ ಸಲ ಯಾಕೆ ಸರಿಯಾಗಿ ಒತ್ತಿದೆ? ನಾನು ಹೋಗ್ಲಿ ಅಂತಾನಾ?"

"ನಿಮಗೆ ಹೋಗ್ಬೇಕು ಅಂತಿದ್ರೆ ನಾನ್ಯಾರು ತಡೆಯೋಕೆ ಅಂತ."

"ಹೋಗ್ಬೇಕು ಅಂತ ಯಾರೇ ಹೇಳಿದ್ರು ನಿಂಗೆ? ನನ್ನನ್ನ ಯಾರಾದ್ರೂ ಕೇಳಿದ್ರಾ? ಆಸ್ಪತ್ರೆ ಆರ್ಡರು ನೀನು ಕೇಳ್ದೆ ತಗೊಂಡೆ, ಮಳಿಗೆ ನಿನ್ನ ಭಾವ ಕೇಳ್ದೆ ತಗೊಂಡ್ರು. ಕೈ ನೋವು ಮೂರು ದಿನ ಇತ್ತು, ಹೋಯ್ತು. ಒಂದು ಮಾತು ಕೇಳ್ಲಿಲ್ವಲ್ಲ ಅನ್ನೋದು ಇನ್ನೂ ಹೋಗಿಲ್ಲ. ಅಮ್ಮನ ಹಾಸಿಗೆ ಪಕ್ಕ ಕೂತ್ಕೊಂಡು ನಿನ್ನ ಫೋನಿಗೇ ಕಾಯ್ತಿದ್ದೆ ಕಣೇ ನಾನು. ಅಂಗಡೀಲಿ ಏನಾಯ್ತು ಅಂತ ಹೇಳ್ತೀಯ, ಒಂದಿಷ್ಟು ನಗ್ತೀನಿ ಅಂತ."

ಆಯ್ತಮ್ಮನಿಗೆ ಇದು ಹೊಳೆದೇ ಇರಲಿಲ್ಲ. ಅಕ್ಕ ಕೇಳಬೇಕೆನ್ನುವುದು ಅಧಿಕಾರಕ್ಕೆ ಎಂದೇ ಇಷ್ಟು ದಿನ ತಿಳಿದಿದ್ದಳು. ಆಕೆ ತಾಯಿಯ ಹಾಸಿಗೆಯ ಪಕ್ಕ ಒಬ್ಬಳೇ ಕೂತಿದ್ದ ಚಿತ್ರ ಕಣ್ಣಿಗೆ ಕಟ್ಟಿ, ತನ್ನ ನೆಪ ನೆನೆದು, ದುಃಖ ಒತ್ತರಿಸಿ ಬಂತು. "ತಪ್ಪಾಯ್ತು ಅಕ್ಕ. ಉಸಿರಾಡೋಕೆ ಪರ್ಮಿಷನ್ನಾ ಅಂದಿದ್ದೂ ತಪ್ಪು. ನೀವಿಲ್ದೆ ನನಗೆ ಈ ಅಂಗಡಿ ಬೇಡ. ಬೇಡವೇ ಬೇಡ" ಎಂದು ದನಿ ತೆಗೆದು ಅತ್ತಳು. ತಾಳಮ್ಮ ಹತ್ತಿರ ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ತಾನೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಷ್ಟರಲ್ಲಿ ಭಾವನೂ ರಿಪೇರಿಯವನೂ ಬಾಗಿಲಿಗೆ ಬಂದರು. ಮಂಕಾದ ಪರದೆ, ಅದರ ಮುಂದೆ ಅಳುತ್ತಿರುವ ಇಬ್ಬರು ಹೆಂಗಸರು. ರಿಪೇರಿಯವನ ಮುಖ ಕಪ್ಪಿಟ್ಟಿತು.

"ಅಯ್ಯೋ ಮೇಡಂ, ಡೇಟಾ ಎಲ್ಲಾ ಹೋಯ್ತಾ?"

"ಏನೂ ಹೋಗಿಲ್ಲಪ್ಪ" ಎಂದಳು ತಾಳಮ್ಮ. "ಎಲ್ಲಾ ಇದ್ದಲ್ಲೇ ಇದೆ."

ಆಯ್ತಮ್ಮ ಮುಖ ಒರೆಸಿಕೊಂಡು ರದ್ದುಮಾಡು ಒತ್ತಿದಳು. ಪರದೆ ಬೆಳಗಿತು. ಫೋಲ್ಡರುಗಳು ಒಂದೂ ಅಲುಗದೆ ಸಾಲಾಗಿ ಕೂತಿದ್ದವು. ಭಾವ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿದ.

"ಭಾವ, ಪಾಲು ಬೇಡ" ಎಂದಳು ಆಯ್ತಮ್ಮ.

"ಹಾಗಾದ್ರೆ ಆ ಮಳಿಗೆ? ಹಿಡಿದಾಗಿದೆಯಲ್ಲ, ಅದನ್ನೇನು ಮಾಡ್ಲಿ?"

"ಬಾಡಿಗೆಗೆ ಇದೆ ಅಂತ ಹಾಕಿ" ಎಂದಳು ತಾಳಮ್ಮ. "ಬೋರ್ಡು ನಾವು ಮಾಡ್ಕೊಡ್ತೀವಿ."